ಲಾರಿ ಓಡಿದರೆ ಕೂಲಿ, ನಿಂತರೆ?

ಕೋಲಾರದ ಎಪಿಎಂಸಿಯಲ್ಲಿ ಪಿಕಪ್ ಓಡಿಸುವ ನಮಗೆಲ್ಲ ಒಂದು ಚಟ ಇದೆ. ಮಂಡಿ ಮುಂದೆ ಲೋಡಿಗೆ ನಿಂತ ಹತ್ತು ಚಕ್ರ, ಹನ್ನೆರಡು ಚಕ್ರದ ಲಾರಿಗಳ ಡ್ರೈವರ್‌ಗಳನ್ನು ಮಾತಿಗೆಳೆದು "ತಿಂಗಳಿಗೆ ಎಷ್ಟಾಗುತ್ತೆ ಅಣ್ಣ?" ಅಂತ ಕೇಳುವುದು. ಉತ್ತರ ಯಾವಾಗಲೂ ದೊಡ್ಡದೇ. ಮೂವತ್ತು ಅನ್ನುತ್ತಾರೆ, ಮೂವತ್ತೈದು ಅನ್ನುತ್ತಾರೆ. ಅದನ್ನು ಕೇಳಿಕೊಂಡು ನಮ್ಮ ಪುಟ್ಟ ಗಾಡಿಯ ಸ್ಟೇರಿಂಗ್ ಹಿಡಿದರೆ ಅವತ್ತೆಲ್ಲ ಮನಸ್ಸು ಕೆಡುತ್ತದೆ.

ನನಗೂ ಹಾಗೇ ಆಗುತ್ತಿತ್ತು. ಟೊಮೆಟೊ ಸೀಸನ್‌ನಲ್ಲಿ ತೋಟದಿಂದ ಮಂಡಿಗೆ, ಮಂಡಿಯಿಂದ ಬೆಂಗಳೂರಿಗೆ ಬಾಕ್ಸ್ ಹೊಡೆದರೆ ಡೀಸೆಲ್, ಕಂತು, ಟೈರು ಎಲ್ಲ ಕಳೆದು ಹದಿನೆಂಟು–ಇಪ್ಪತ್ತು ಸಾವಿರ ಕೈಗೆ ಉಳಿಯುತ್ತಿತ್ತು. ಸೀಸನ್ ಮುಗಿದರೆ ಅದರ ಅರ್ಧ. ಮಗಳನ್ನು ಸ್ಕೂಲಿಗೆ ಸೇರಿಸುವ ವರ್ಷ ಬಂತು. ಲೈನ್ ಗಾಡಿ, ಅಂದರೆ ದೂರದ ಊರಿಗೆ ಹೋಗುವ ಲಾರಿ, ಹತ್ತೋಣ ಅಂತ ಮನೆಯಲ್ಲಿ ಮಾತು ತೆಗೆದೆ. ಹೆಂಡತಿ ಸಂಬಳ ಕೇಳಲೇ ಇಲ್ಲ. "ತಿಂಗಳಲ್ಲಿ ಎಷ್ಟು ರಾತ್ರಿ ಮನೇಲಿ ಮಲಗ್ತೀಯ, ಮೊದಲು ಅದನ್ನ ಹೇಳು" ಅಂದಳು. ಮಂಡಿಯಲ್ಲಿ ವಿಚಾರಿಸಿದೆ. ದುಡ್ಡಿನ ಲೆಕ್ಕ ಪಟಪಟ ಹೇಳುವವರು ಈ ಲೆಕ್ಕಕ್ಕೆ ಮಾತ್ರ ನಕ್ಕು ಸುಮ್ಮನಾದರು.

ಹಾಗಾಗಿ ಪಿಕಪ್ ಮಾರಲಿಲ್ಲ. ಭಾಮೈದನ ಕೈಗೆ ಕೊಟ್ಟೆ. ಹೆವಿ ಲೈಸೆನ್ಸ್ ಮಾಡಿಸಿ, ಒಂದು ಸೀಸನ್ ಸೆಕೆಂಡ್ ಡ್ರೈವರ್ ಆಗಿ ಹೋಗಿ, ಖರ್ಚು, ಗಳಿಕೆ, ನಿದ್ದೆ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದು, ಆಮೇಲೆ ತೀರ್ಮಾನ ಮಾಡೋಣ ಅಂದುಕೊಂಡೆ.

ಲೈಸೆನ್ಸ್ ಕೆಲಸ ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಲು 20 ವರ್ಷ ತುಂಬಿರಬೇಕು. ಲೈಟ್ ಮೋಟಾರ್ ವೆಹಿಕಲ್ (ಎಲ್‌ಎಂವಿ) ಲೈಸೆನ್ಸ್ ಸಿಕ್ಕಿ ಕನಿಷ್ಠ ಒಂದು ವರ್ಷ ಆಗಿರಬೇಕು. ಮೊದಲು ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ ಇತ್ತು, 2019ರಲ್ಲಿ ತೆಗೆದರು. ಡಾಕ್ಟರ್ ಕೊಡುವ ಫಾರಂ 1ಎ, ಡ್ರೈವಿಂಗ್ ಸ್ಕೂಲ್ ಕೊಡುವ ಫಾರಂ 5, ಆನ್‌ಲೈನ್ ಅರ್ಜಿ, ಕಲಿಕೆಯ ಲೈಸೆನ್ಸ್ (ಎಲ್‌ಎಲ್) ಬಂದು 30 ದಿನ ಕಳೆದ ಮೇಲೆ ಟೆಸ್ಟ್. 5 ವರ್ಷಕ್ಕೊಮ್ಮೆ ರಿನ್ಯೂವಲ್. ಇನ್ನೊಂದು ಮಾತು, ಇದು ಪಿಕಪ್ ಓಡಿಸುವವರಿಗೆ. 7,500 ಕಿಲೋ ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರ್‌ನಲ್ಲಿ ಐವರು ಜಡ್ಜ್‌ಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಅದಕ್ಕೂ ಹೆವಿ ಬೇಕು ಅಂತ ಯಾರಾದರೂ ಏಜೆಂಟ್ ದುಡ್ಡು ಕೇಳಿದರೆ ಕೊಡಬೇಡಿ.

ಆದರೆ ಡ್ರೈವಿಂಗ್ ಸ್ಕೂಲ್‌ನಲ್ಲಿ ಕಲಿಯುವುದು ಟೆಸ್ಟ್ ಪಾಸಾಗುವುದನ್ನು, ಲಾರಿ ಓಡಿಸುವುದನ್ನಲ್ಲ. ಖಾಲಿ ಗಾಡಿಯನ್ನು ಮೈದಾನದಲ್ಲಿ ತಿರುಗಿಸಿದವನಿಗೆ 28 ಟನ್ ತೂಕ ಹಿಂದಿನಿಂದ ತಳ್ಳುವುದು ಏನು ಅಂತ ಎಲ್ಲಿ ಗೊತ್ತಾಗಬೇಕು? ಅದನ್ನು ಕಲಿಸಿದ್ದು ನಾನು ಜೊತೆಗೆ ಹೋದ ಹಿರಿಯ ಡ್ರೈವರ್. ಮುಳಬಾಗಿಲು ಕಡೆಯವರು. ಕ್ಲೀನರ್ ಆಗಿ ಸೇರಿ, ವರ್ಷಗಟ್ಟಲೆ ಗ್ರೀಸ್ ಮೆತ್ತಿಕೊಂಡು ಸೀಟಿಗೆ ಬಂದವರು. ಬೆಳಗ್ಗೆ ಎಂಜಿನ್ ಶುರು ಮಾಡಿದ ತಕ್ಷಣ ಗಾಡಿ ಎತ್ತುವಂತಿಲ್ಲ, ಬ್ರೇಕಿನ ಗಾಳಿ ತುಂಬಿ ಮೀಟರ್ ಮುಳ್ಳು ಮೇಲೆ ಬರಬೇಕು. ಟೀಗೆ ನಿಲ್ಲಿಸಿದಾಗಲೆಲ್ಲ ಇಳಿದು ಸುತ್ತ ಬಂದು ಟೈರಿಗೆ ರಾಡಿನಿಂದ ಒಂದೊಂದು ಏಟು ಕೊಡಬೇಕು. ಗಾಳಿ ಇಳಿದ ಟೈರಿನ ಸದ್ದೇ ಬೇರೆ. ಒಂದು ಟೈರು ಇಪ್ಪತ್ತು ಸಾವಿರದ ಮೇಲೆ, ಸಿಡಿದರೆ ಮಾಲೀಕರ ಮುಖ ನೋಡಲಾಗದು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ಶುರುವಾದ ಮೇಲೆ ಅಲ್ಲ. ಇಡೀ ಇಳಿಜಾರು ಬ್ರೇಕ್ ಮೇಲೆ ಕಾಲಿಟ್ಟರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಇಲ್ಲ. "ಎಂಜಿನ್ ಹಿಡಕೊಳ್ಳಲಿ, ಬ್ರೇಕ್ ಬರೀ ನೆನಪಿಸಲಿ" ಅನ್ನುತ್ತಿದ್ದರು.

ನ್ಯೂಟ್ರಲ್ ವಿಷಯಕ್ಕೆ ಬಂದರೆ ಅವರಿಗೆ ಸಿಟ್ಟೇ ಬರುತ್ತಿತ್ತು. ನಾಲ್ಕು ಲೀಟರ್ ಡೀಸೆಲ್ ಉಳಿಸಿ ಮಾರಿಕೊಳ್ಳುವ ಆಸೆಗೆ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡುವವರು ಇದ್ದಾರೆ. ಪುಣೆಯಲ್ಲಿ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆಗೆ ಉದ್ದ ಇಳಿಜಾರು ಇದೆ. ಬ್ರೇಕ್ ಸಿಗದೆ ಲಾರಿಗಳು ಮುಂದಿನ ಕಾರುಗಳ ಮೇಲೆ ನುಗ್ಗಿದ ಸುದ್ದಿ ಅಲ್ಲಿಂದ ಮತ್ತೆ ಮತ್ತೆ ಬರುತ್ತದೆ.

ನಮ್ಮ ಲೈನ್ ಕೋಲಾರ–ದೆಹಲಿ. ಸುಮಾರು 2,200 ಕಿಲೋಮೀಟರ್. ಚಿಂತಾಮಣಿ ದಾಟಿ ಬಾಗೇಪಲ್ಲಿ ಸೇರಿದರೆ ರಾಷ್ಟ್ರೀಯ ಹೆದ್ದಾರಿ 44. ಬಾಗೇಪಲ್ಲಿಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ರೂಢಿ, ಆಂಧ್ರಕ್ಕೆ ಕಾಲಿಟ್ಟರೆ ಡೀಸೆಲ್ ರೇಟು ಜಾಸ್ತಿ. ಅನಂತಪುರ, ಕರ್ನೂಲು, ಹೈದರಾಬಾದ್ ರಿಂಗ್ ರೋಡ್, ನಿರ್ಮಲ್, ಆದಿಲಾಬಾದ್, ಪೈನಗಂಗಾ ಹೊಳೆ ದಾಟಿದರೆ ಮಹಾರಾಷ್ಟ್ರ, ನಾಗಪುರ, ಆಮೇಲೆ ಸಾಗರ್, ಲಲಿತ್‌ಪುರ, ಝಾನ್ಸಿ, ಗ್ವಾಲಿಯರ್, ಚಂಬಲ್, ಆಗ್ರಾ. ಹಸಿ ಟೊಮೆಟೊ ಅಂದರೆ ಗಾಡಿ ನಿಲ್ಲುವ ಮಾತೇ ಇಲ್ಲ. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದಿನ ಹಲಗೆ ಮೇಲೆ ಮಲಗುವುದು. ಹೊರಟ ಮೂರನೇ ದಿನ ಆಜಾದ್‌ಪುರ ಮಂಡಿ ಮುಟ್ಟಬೇಕು. ತಡವಾದರೆ ಬಾಡಿಗೆಯಲ್ಲಿ ಕಟ್. ಬಾಕ್ಸ್ ತೆಗೆದಾಗ ತಳದಲ್ಲಿ ನೀರು ಸೋರುತ್ತಿದ್ದರೆ ಅಲ್ಲಿಯ ವ್ಯಾಪಾರಿ ಬೈಯುವುದು ಕೋಲಾರದ ವ್ಯಾಪಾರಿಯನ್ನಲ್ಲ, ಎದುರಿಗೆ ಇರುವ ಡ್ರೈವರನ್ನು.

ದಾರಿ ಮಾತ್ರ ನನಗೆ ತುಂಬಾ ಇಷ್ಟವಾಯಿತು, ಸುಳ್ಳು ಹೇಳಬಾರದು. ನಾಗಪುರ ಬಿಟ್ಟು ಪೆಂಚ್ ಕಾಡಿನ ಹತ್ತಿರ ರಸ್ತೆಯನ್ನೇ ಎತ್ತರಿಸಿದ್ದಾರೆ. ಕೆಳಗೆ ಹುಲಿ, ಜಿಂಕೆ ದಾಟುತ್ತವೆ, ಮೇಲೆ ನಾವು. ಗಾಡಿಯ ಸದ್ದು, ಬೆಳಕು ಕೆಳಗೆ ಹೋಗದಂತೆ ಎರಡೂ ಕಡೆ ಗೋಡೆ. ರಾತ್ರಿ ಅದರ ಮೇಲೆ ಹೋಗುವಾಗ ಇಡೀ ದಾರಿಯಲ್ಲಿ ಯಾರಾದರೂ ಒಬ್ಬರ ನಿದ್ದೆಗಾದರೂ ಬೆಲೆ ಕೊಟ್ಟಿದ್ದಾರಲ್ಲ ಅನ್ನಿಸಿತು. ಹೆಗಲ ಮೇಲೆ ನಿಂತು ಕೆಲಸ ಹೇಳುವ ಯಜಮಾನ ಇಲ್ಲ. ಕೋಲಾರದವರಿಗೆ ತೆಲುಗು ಹೇಗೂ ಬರುತ್ತದೆ, ನಾಗಪುರ ದಾಟುವಷ್ಟರಲ್ಲಿ ಹಿಂದಿಯೂ ನಾಲಿಗೆಗೆ ಹತ್ತಿತು. ಝಾನ್ಸಿ ಹತ್ತಿರ ಒಂದು ಢಾಬಾದಲ್ಲಿ ಹಾವೇರಿ ಕಡೆಯ ಮೆಣಸಿನಕಾಯಿ ಲಾರಿಯವರು ಸಿಕ್ಕರು. ರೊಟ್ಟಿ, ಶೇಂಗಾ ಚಟ್ನಿ ಗಂಟು ಬಿಚ್ಚಿ ಅರ್ಧ ನಮಗೇ ಕೊಟ್ಟರು. ಇಂಥದ್ದು ಪಿಕಪ್‌ನಲ್ಲಿ ಯಾವತ್ತೂ ಸಿಗುವುದಿಲ್ಲ.

ಕಷ್ಟ ಶುರುವಾಗುವುದು ಗಾಡಿ ನಿಂತ ಮೇಲೆ. ಊರಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ದೆಹಲಿಯೊಳಗೆ ದೊಡ್ಡ ಲಾರಿಗೆ ಬೆಳಗ್ಗೆ, ಸಂಜೆ ನೋ ಎಂಟ್ರಿ. ಹೊತ್ತು ತಪ್ಪಿದರೆ ಹೊರಗೇ ಕಾಯಬೇಕು. ಒಳಗೆ ಹೋದರೆ ಮಂಡಿಯಲ್ಲಿ ಸಾಲು. ಅನ್‌ಲೋಡ್ ಆಗುವಷ್ಟರಲ್ಲಿ ಬೆಳಕು ಹರಿದಿರುತ್ತದೆ, ಮತ್ತೆ ಹೊರಗೆ ಬರಲು ನೋ ಎಂಟ್ರಿ. ಆಮೇಲೆ ರಿಟರ್ನ್ ಲೋಡ್. ಖಾಲಿ ಗಾಡಿ ಅಷ್ಟು ದೂರ ವಾಪಸ್ ಬಂದರೆ ಮಾಲೀಕರು ಮುಳುಗಿದಂತೆ. ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರಕ್ಕೆ ಹೋಗಿ ಬ್ರೋಕರ್ ಆಫೀಸ್ ಮುಂದೆ ಕೂರುವುದು. "ಸೌತ್ ಕಾ ಮಾಲ್ ಹೈ?" ಅಂತ ಕೇಳುವುದು. "ಕಲ್ ಆಜಾ", ನಾಳೆ ಬಾ, ಅನ್ನುತ್ತಾರೆ. ಆ ಕಲ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಸೀಸನ್ ಚೆನ್ನಾಗಿದ್ದರೆ ಮರುದಿನವೇ ಲೋಡ್, ಇಲ್ಲದಿದ್ದರೆ ನಾಲ್ಕೈದು ದಿನ. ಮೇ ತಿಂಗಳಲ್ಲಿ ಒಮ್ಮೆ ಹೀಗೆ ಕಾದೆವು. ಕ್ಯಾಬಿನ್ ಒಳಗೆ ಕೂರಲಾಗದು, ಹೊರಗೆ ನೆರಳಿಲ್ಲ. ಗಾಡಿ ಕೆಳಗೆ, ಎರಡು ಚಕ್ರದ ನಡುವೆ ಚಾಪೆ ಹಾಸಿ ಮಲಗಿದೆವು. ಸ್ನಾನಕ್ಕೆ ದುಡ್ಡು, ಕಕ್ಕಸಿಗೆ ದುಡ್ಡು, ಪಾರ್ಕಿಂಗಿಗೆ ದುಡ್ಡು, ಊಟಕ್ಕೆ ದುಡ್ಡು. ದುಡಿಮೆ ಮಾತ್ರ ಇಲ್ಲ. ಯಾಕೆಂದರೆ ನಮಗೆ ಕೂಲಿ ಇದ್ದದ್ದು ಬಾಡಿಗೆಯಲ್ಲಿ ಪರ್ಸೆಂಟೇಜ್. ಬಾಡಿಗೆ ಹುಟ್ಟದಿದ್ದರೆ ಪರ್ಸೆಂಟೇಜ್ ಎಲ್ಲಿಂದ?

ಲೋಡ್ ಸಿಕ್ಕಿ ಬೆಂಗಳೂರಿಗೆ ಬಂದರೂ ಮುಗಿಯಲಿಲ್ಲ. ನೆಲಮಂಗಲದ ಒಂದು ಗೋದಾಮಿನ ಮುಂದೆ ಎರಡು ರಾತ್ರಿ ನಿಲ್ಲಿಸಿದರು. ಒಳಗೆ ಜಾಗ ಇಲ್ಲವಂತೆ. ಗೇಟಿನವನು ಟೋಕನ್ ಕೊಟ್ಟು ಕಳಿಸಿದ. ಅಲ್ಲಿಂದ ನನ್ನ ಊರು ಬಸ್ಸಿಗೆ ಮೂರು ಗಂಟೆ ದಾರಿ. ಸರಕು ಗಾಡಿಯಲ್ಲಿದೆ, ಬಿಟ್ಟು ಹೋಗುವಂತಿಲ್ಲ. ಮಗಳು ವಿಡಿಯೊ ಕಾಲ್‌ನಲ್ಲಿ "ಬೆಂಗಳೂರಿಗೆ ಬಂದಿದ್ದೀಯಲ್ಲ, ಮನೆಗೆ ಯಾಕೆ ಬರಲ್ಲ?" ಅಂದಳು. ಅವಳಿಗೆ ಗೋದಾಮು, ಟೋಕನ್ ಅಂತ ಏನು ವಿವರಿಸುವುದು?

ಹೀಗೆ ಗಾಡಿ ನಿಂತರೆ ಹಾಲ್ಟಿಂಗ್ ಅಂತ ಒಂದು ಹಣ ಇದೆ. ಸರಕಿನ ಪಾರ್ಟಿ ಟ್ರಾನ್ಸ್‌ಪೋರ್ಟ್‌ನವರಿಗೆ ಕೊಡಬೇಕು, ಅವರು ಮಾಲೀಕರಿಗೆ ಕೊಡಬೇಕು. ಎಷ್ಟೋ ಸಲ ಮೊದಲ ಮೆಟ್ಟಿಲಲ್ಲೇ ಅದು ಮಾಯ. ಮಾಲೀಕರ ತನಕ ಬಂದರೂ ಡ್ರೈವರ್ ಕೈಗೆ ಇಳಿಯುವುದು ಅಪರೂಪ. ನಾನು ಕೇಳಿದಾಗ ನಮ್ಮ ಮಾಲೀಕರು ನಿಜವಾಗಿಯೂ ಆಶ್ಚರ್ಯಪಟ್ಟರು. "ನಿಂತಿದ್ದಕ್ಕೆ ನಿಂಗ್ಯಾಕಪ್ಪ ದುಡ್ಡು? ನೀನು ಮಲಗಿದ್ದೆ ಅಲ್ವಾ?" ಅವರು ಕೆಟ್ಟವರಲ್ಲ. ಅವರ ಲೆಕ್ಕದಲ್ಲಿ ಚಕ್ರ ತಿರುಗಿದರೆ ಮಾತ್ರ ಕೆಲಸ.

ಸೀಸನ್ ಮುಗಿದ ಮೇಲೆ ನೋಟ್‌ಬುಕ್ ತೆಗೆದು ಕೂತೆ. ಒಳ್ಳೆಯ ತಿಂಗಳಲ್ಲಿ ಹಿರಿಯ ಡ್ರೈವರ್‌ಗೆ ಮೂವತ್ತು ಸಾವಿರ ಬಂದಿತ್ತು, ಸರಿಯೇ. ಮಂಡಿಯಲ್ಲಿ ಹೇಳುತ್ತಿದ್ದದ್ದು ಸುಳ್ಳಲ್ಲ. ಆದರೆ ದಾರಿ ಮೇಲಿನ ಊಟ, ಟೀ, ಸ್ನಾನ, ಮೊಬೈಲ್ ಎಲ್ಲ ಸೇರಿ ದಾರಿಯಲ್ಲಿದ್ದ ದಿನಕ್ಕೆ ನಾನೂರು ರೂಪಾಯಿ ಹಿಡಿದರೂ ತಿಂಗಳಿಗೆ ಸುಮಾರು ಹತ್ತು ಸಾವಿರ ಅಲ್ಲೇ ಹೋಗುತ್ತದೆ. ಮನೆಗೆ ಮುಟ್ಟುವುದು ಇಪ್ಪತ್ತು. ಅಂದರೆ ಸೀಸನ್‌ನಲ್ಲಿ ನನ್ನ ಪಿಕಪ್ ಕೊಡುತ್ತಿದ್ದಷ್ಟೇ, ಅದೂ ರಾತ್ರಿ ಮನೆಯಲ್ಲಿ ಮಲಗಿ! ನನಗೆ ಸೆಕೆಂಡ್ ಡ್ರೈವರ್ ಪಾಲು ಇನ್ನೂ ಕಮ್ಮಿ. ಸೀಸನ್ ಇಲ್ಲದ ತಿಂಗಳು ಲಾರಿಯೇ ಮೇಲು, ಅದನ್ನೂ ಒಪ್ಪಬೇಕು. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮನೆಯಿಂದ ಹೊರಗಿದ್ದ ಹೊತ್ತಿನಲ್ಲಿ ಹೆಚ್ಚುಕಮ್ಮಿ ಅರ್ಧ ಗಾಡಿ ನಿಂತಿತ್ತು. ಆ ಅರ್ಧಕ್ಕೆ ಒಂದು ಪೈಸೆ ಇಲ್ಲ. ಅದಕ್ಕೂ ಸ್ವಲ್ಪ ಸಿಕ್ಕಿದ್ದರೆ ಇದು ಸಂಸಾರ ನಡೆಸುವ ಕೆಲಸವೇ ಆಗುತ್ತಿತ್ತು.

ಕಾನೂನು ಇಲ್ಲ ಅಂತಲ್ಲ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವ ತನಕ ಇದ್ದ 1961ರ ಮೋಟಾರ್ ಟ್ರಾನ್ಸ್‌ಪೋರ್ಟ್ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ದೂರದ ಲೈನಿಗೆ ದಿನಕ್ಕೆ 10, ವಾರಕ್ಕೆ 54ರ ತನಕ ಬಿಡಬಹುದಿತ್ತು. 5 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ. ಆದರೆ ಆ ಕಾಯ್ದೆ ಇದ್ದದ್ದು ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆಗೆ. ನಮ್ಮ ಕಡೆ ಬೇಕಾದಷ್ಟು ಲಾರಿಗಳು ಒಂದು ಗಾಡಿ, ಎರಡು ಗಾಡಿ ಇಟ್ಟುಕೊಂಡವರವು. ಅಲ್ಲಿ ಆ ಕಾಯ್ದೆ ಬಾಗಿಲ ಹೊರಗೇ ನಿಲ್ಲುತ್ತಿತ್ತು. ತಮಾಷೆ ಅಂದರೆ, ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಕಾಗದ, ಇ-ವೇ ಬಿಲ್, 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ ಕೊಡುತ್ತದೆ. ದೆಹಲಿಯಿಂದ ಬೆಂಗಳೂರಿಗೆ ಮಷಿನ್ ಸಾಮಾನು ತುಂಬಿದರೆ ಕಾಗದಕ್ಕೆ 11 ದಿನ ಜೀವ. ಮಾಲೀಕರು ಫೋನ್‌ನಲ್ಲಿ ಕೊಡುವುದು ನಾಲ್ಕು.

ಮೈಯ ಲೆಕ್ಕ ಬೇರೆ ಇದೆ. ನೀರು ಕುಡಿದರೆ ಗಾಡಿ ನಿಲ್ಲಿಸಬೇಕಾಗುತ್ತದೆ ಅಂತ ನೀರೇ ಕುಡಿಯದವರು, ಹಾಗಾಗಿ ಕಿಡ್ನಿಯಲ್ಲಿ ಕಲ್ಲು ಮಾಡಿಕೊಂಡವರು ಇಬ್ಬರು ಸಿಕ್ಕರು. ಸೊಂಟ, ಮೂಲವ್ಯಾಧಿ, ಸಕ್ಕರೆ ಕಾಯಿಲೆ, ಢಾಬಾದ ಎಣ್ಣೆ. ನಿದ್ದೆ ತಡೆಯಲು ಗುಟ್ಕಾ ಹಿಡಿದು ಆಮೇಲೆ ಬಿಡಲಾಗದವರು ಎಷ್ಟೋ. ನನಗೆ ಆಗಿದ್ದು ಇಷ್ಟೇ: ಮನೆಗೆ ಬಂದರೂ ರಾತ್ರಿ ಎರಡಕ್ಕೆ ಎಚ್ಚರ. ಹಾಸಿಗೆ ಅಲುಗಾಡದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಕ್ಯಾಬಿನ್‌ಗೆ ಎಸಿ ಇರಬೇಕು ಅನ್ನುವ ನಿಯಮ 2025ರಿಂದ ಬಂದಿದೆ, ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳಿಗೆ. ಒಳ್ಳೆಯದೇ. ಆದರೆ ಎಂಜಿನ್ ನಿಲ್ಲಿಸಿ ಕಾಯುವಾಗ ಎಸಿ ಓಡುವುದಿಲ್ಲ. ಸೆಖೆ ನಿಜವಾಗಿ ಕೊಲ್ಲುವುದು ಆಗಲೇ.

ಭಯದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಪಘಾತವಾದರೆ ತಪ್ಪು ಯಾರದೇ ಇರಲಿ, ಮೊದಲ ಏಟು ದೊಡ್ಡ ಗಾಡಿಯವನಿಗೆ. ಜನ ಸೇರುವ ಮೊದಲೇ ಓಡು ಅಂತ ಹಿರಿಯರೇ ಕಲಿಸುತ್ತಾರೆ. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(2)ರಲ್ಲಿ, ಪ್ರಾಣ ಹೋದ ಅಪಘಾತದಲ್ಲಿ ಪೊಲೀಸರಿಗೂ ಹೇಳದೆ ಓಡಿಹೋದರೆ 10 ವರ್ಷದ ತನಕ ಜೈಲು ಅಂತ ಬಂತು. 2024ರ ಜನವರಿ 1ರಂದು ಉತ್ತರದ ಕಡೆ ಲಾರಿಯವರು ರಸ್ತೆಯಲ್ಲೇ ಗಾಡಿ ನಿಲ್ಲಿಸಿದರು. ಮರುದಿನ ರಾತ್ರಿ ಕೇಂದ್ರ ಸರ್ಕಾರ ಚರ್ಚಿಸದೆ ಜಾರಿ ಮಾಡುವುದಿಲ್ಲ ಅಂತ ಮಾತು ಕೊಟ್ಟಿತು. ಆ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪವಿಧಿಯನ್ನು ಪಕ್ಕಕ್ಕಿಟ್ಟರು. ನನಗೆ ಕೇಳಿದರೆ ಓಡಿಹೋಗುವುದು ತಪ್ಪೇ. ಆದರೆ ನಿಂತರೆ ಜೀವ ಉಳಿಯುತ್ತದೆ ಅನ್ನುವ ನಂಬಿಕೆಯನ್ನು ಯಾರಾದರೂ ಕೊಡಬೇಕಲ್ಲ.

ಓವರ್‌ಲೋಡ್ ವಿಷಯದಲ್ಲಿ ಮಾತ್ರ ನಾನು ಗಟ್ಟಿ. 2019ರ ತಿದ್ದುಪಡಿ ಪ್ರಕಾರ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ನನಗೆ ಕೆಲಸ ಕೊಡಲು ಬಂದ ಒಬ್ಬರು "ದಂಡ ಬಿದ್ದರೆ ಅರ್ಧ ನಿಂದು" ಅಂದರು. ಹೆಚ್ಚುವರಿ ಟನ್ನಿನ ಬಾಡಿಗೆಯಲ್ಲಿ ನನಗೆ ಅರ್ಧ ಉಂಟಾ ಅಂತ ಕೇಳಿದೆ. ಮತ್ತೆ ಫೋನ್ ಬರಲಿಲ್ಲ.

ಸಾಲ ಮಾಡಿ ಸ್ವಂತ ಲಾರಿ ತೆಗೆದರೆ ಹೇಗೆ ಅಂತಲೂ ಯೋಚನೆ ಬಂತು. ಡ್ರೈವರ್ ಆದವನಿಗೆಲ್ಲ ಬರುತ್ತದೆ. ಫೈನಾನ್ಸ್‌ನವರು ಮನೆ ಬಾಗಿಲಿಗೇ ಬರುತ್ತಾರೆ. ಹನ್ನೆರಡು ಚಕ್ರದ ಹೊಸ ಗಾಡಿ, ಬಾಡಿ ಕಟ್ಟಿಸಿ ರಸ್ತೆಗಿಳಿಸಿದರೆ ನನಗೆ ಬಂದ ಲೆಕ್ಕದಲ್ಲಿ ತಿಂಗಳ ಕಂತು ಎಂಬತ್ತು ಸಾವಿರ ದಾಟುತ್ತಿತ್ತು. ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್, ಟೈರು ಬೇರೆ. ಲೋಡ್ ಮಾಡಿದ ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದ ಲಾರಿ ಮಾಲೀಕರೇ ಡೀಸೆಲ್ ರೇಟು, ಟೋಲ್ ವಿರುದ್ಧ ಮುಷ್ಕರ ಹೂಡಿದ್ದರು. ನಿಂತ ದಿನಕ್ಕೆ ಡ್ರೈವರ್ ಆಗಿ ನನಗೆ ಸೊನ್ನೆ, ಮಾಲೀಕನಾದರೆ ಮೈನಸ್. ಆ ಫೈಲನ್ನು ಅಲ್ಲೇ ಮುಚ್ಚಿದೆ.

ಸೌದಿ, ಕುವೈತ್‌ನಲ್ಲಿ ಟ್ರೇಲರ್ ಓಡಿಸುವ ಆಸೆ ತೋರಿಸಿದವರೂ ಇದ್ದರು. ಒಬ್ಬ ಏಜೆಂಟ್ ಒಂದೂವರೆ ಲಕ್ಷ ಕೇಳಿದ. ಪರವಾನಗಿ ಇರುವ ಏಜೆಂಟ್ ಸೇವಾ ಶುಲ್ಕ ಅಂತ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ಹೆಸರು ಹುಡುಕಿದೆ, ಸಿಗಲಿಲ್ಲ. ಅಲ್ಲಿಗೆ ಅದೂ ಮುಗಿಯಿತು.

ಕೊನೆಗೆ ನಾನು ಹಿಡಿದದ್ದು ಹೊಸಕೋಟೆಯಿಂದ ಮುಂಬೈ ಹತ್ತಿರದ ಭಿವಂಡಿಗೆ ಹೋಗುವ ಪಾರ್ಸೆಲ್ ಕಂಟೇನರ್ ಲೈನ್. ಗೋದಾಮಿನಿಂದ ಗೋದಾಮಿಗೆ, ಹೊರಡುವ ಹೊತ್ತು, ಮುಟ್ಟುವ ಹೊತ್ತು ಎರಡೂ ಗೊತ್ತು, ಎರಡೂ ಕಡೆ ಲೋಡ್ ಗ್ಯಾರಂಟಿ. ಬ್ರೋಕರ್ ಮುಂದೆ ಕೂರುವ ಕೆಲಸ ಇಲ್ಲ. ಹೊಸಕೋಟೆಯಿಂದ ದೊಡ್ಡಬಳ್ಳಾಪುರದ ಮೇಲೆ ದಾಬಸ್‌ಪೇಟೆಗೆ ಹೊಸ ರಿಂಗ್ ರೋಡ್ ಆಗಿರುವುದರಿಂದ ಬೆಂಗಳೂರಿನೊಳಗೆ ಕಾಲಿಡದೆ ಹೆದ್ದಾರಿ 48 ಸೇರಬಹುದು. ಮೊದಲಾಗಿದ್ದರೆ ಊರು ದಾಟಲು ರಾತ್ರಿಯಾಗುವ ತನಕ ಕಾಯಬೇಕಿತ್ತು. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ತನಕ ಕನ್ನಡದ ಊಟ. ಸಂಬಳ ಪೇಪರ್ ಮೇಲೆ ಇಪ್ಪತ್ತು ಸಾವಿರದ ಆಸುಪಾಸು, ಪಿಎಫ್, ಇಎಸ್‌ಐ, ದಿನದ ಬಾಟಾ (ಭತ್ಯೆ) ಬೇರೆ. ನಿಗದಿಗಿಂತ ಜಾಸ್ತಿ ಹೊತ್ತು ಗೇಟಿನಲ್ಲಿ ನಿಂತರೆ ಅದಕ್ಕೂ ಇಷ್ಟು ಅಂತ ಬರೆದುಕೊಟ್ಟಿದ್ದಾರೆ. ಸಣ್ಣ ಮೊತ್ತ. ಆದರೆ ಅದು ಇದೆ ಅಂತಲೇ ಗೋದಾಮಿನವರು ಗಾಡಿಯನ್ನು ಬೇಗ ಖಾಲಿ ಮಾಡುತ್ತಾರೆ. ಬಿಲ್ ಬೀಳುತ್ತದೆ ಅಂದರೆ ಒಳಗೆ ಜಾಗ ಇದ್ದಕ್ಕಿದ್ದಂತೆ ಹುಟ್ಟುತ್ತದೆ!

ಇದರಲ್ಲೂ ಕಿರಿಕಿರಿ ಇಲ್ಲದಿಲ್ಲ. ಪಾರ್ಸೆಲ್ ಅಂದರೆ ರಾತ್ರಿ ಓಟ. ಕ್ಯಾಬಿನ್‌ನಲ್ಲಿ ಕ್ಯಾಮೆರಾ ಇದೆ, ಆಕಳಿಸಿದರೆ ಬೀಪ್, ಬಲಗಡೆ ಕನ್ನಡಿ ಸ್ವಲ್ಪ ಜಾಸ್ತಿ ಹೊತ್ತು ನೋಡಿದರೂ ಬೀಪ್. ಸ್ಪೀಡ್ 80ಕ್ಕೆ ಕಟ್ಟಿಹಾಕಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಾತಾರಾ ಕಡೆಯ ಖಂಬಾಟ್ಕಿ ಘಾಟಿನಲ್ಲಿ ಗಾಡಿ ಕೆಟ್ಟು ಸಾಲು ನಿಂತಾಗಲೂ "ಯಾಕೆ ಲೇಟು" ಅಂತ ಕಂಟ್ರೋಲ್ ರೂಮಿನಿಂದ ಒಬ್ಬ ಹುಡುಗ ಕೇಳುತ್ತಾನಲ್ಲ, ಆಗ ಟೊಮೆಟೊ ಲಾರಿಯ ಸ್ವಾತಂತ್ರ್ಯ ನೆನಪಾಗುತ್ತದೆ. ಮೇಲೆ ಹೇಳಿದ ಮೂವತ್ತರ ಮಾತು ಇಲ್ಲಿ ಇಲ್ಲ. ಜಾಣ ಡ್ರೈವರ್, ಮಕ್ಕಳು ಮರಿ ಇಲ್ಲದವನು, ಎರಡು ವರ್ಷ ಪರ್ಸೆಂಟೇಜ್ ಗಾಡಿ ಓಡಿಸಿ ದುಡ್ಡು ಕೂಡಿಟ್ಟು ಹೊರಬರುತ್ತೇನೆ ಅಂದರೆ ನಾನು ಬೇಡ ಅನ್ನುವುದಿಲ್ಲ. ಕೂಡಿಟ್ಟು ಹೊರಬಂದವರನ್ನೂ ನೋಡಿದ್ದೇನೆ. ಬರುತ್ತೇನೆ ಅಂತ ಹದಿನೈದು ವರ್ಷ ಅಲ್ಲೇ ಇದ್ದವರು ಜಾಸ್ತಿ.

ಹೆಂಡತಿಯ ಪ್ರಶ್ನೆಗೆ ಈಗ ಉತ್ತರ ಇದೆ. ತಿಂಗಳಲ್ಲಿ ಹತ್ತು–ಹನ್ನೆರಡು ರಾತ್ರಿ ಮನೆಯಲ್ಲಿ. ಕಮ್ಮಿಯಾಯಿತು ಅಂದಳು, ಆದರೆ ಯಾವ ರಾತ್ರಿ ಅಂತ ಮೊದಲೇ ಗೊತ್ತಿರುವುದಕ್ಕೆ ಒಪ್ಪಿದಳು. ಪಿಕಪ್ ಇನ್ನೂ ಭಾಮೈದನ ಹತ್ತಿರ ಓಡುತ್ತಿದೆ, ಕಂತು ಅವನೇ ಕಟ್ಟುತ್ತಾನೆ.

ಮಂಡಿಯ ಹುಡುಗರು ಈಗ ನನ್ನನ್ನೇ ಎಷ್ಟಾಗುತ್ತೆ ಅಂತ ಕೇಳುತ್ತಾರೆ. ನಾನು ತಿರುಗಿಸಿ ಕೇಳಲು ಹೇಳುತ್ತೇನೆ. ಸಂಬಳವೋ ಪರ್ಸೆಂಟೇಜೋ? ರಿಟರ್ನ್ ಲೋಡ್ ಯಾರು ಹುಡುಕಬೇಕು? ಕಾದ ದಿನ ಊಟ ಯಾರದು? ದಂಡ ಯಾರದು? ಇನ್ಶೂರೆನ್ಸ್‌ನಲ್ಲಿ ಡ್ರೈವರ್, ಕ್ಲೀನರ್ ಇಬ್ಬರಿಗೂ ಪ್ರೀಮಿಯಂ ಕಟ್ಟಿದ್ದಾರಾ, ಪಾಲಿಸಿ ತೋರಿಸುತ್ತಾರಾ? ಇದನ್ನು ಕೇಳಿದರೆ ಮುಖ ಸಿಂಡರಿಸುವ ಮಾಲೀಕರ ಗಾಡಿ ಹತ್ತದಿರುವುದೇ ವಾಸಿ.

ಮೊನ್ನೆ ಮಂಗಳೂರು ಕಡೆಯ ಟ್ಯಾಂಕರ್‌ನವರು ಫೋನ್ ಮಾಡಿದ್ದರು. ಅಪಾಯಕಾರಿ ಸರಕಿನ 3 ದಿನದ ತರಬೇತಿ ಮುಗಿಸಿ ಲೈಸೆನ್ಸ್‌ನಲ್ಲಿ ಬರೆಸಿಕೊಂಡರೆ ಈಗಿನದಕ್ಕಿಂತ ಜಾಸ್ತಿ ಕೊಡುತ್ತಾರಂತೆ. ತರಬೇತಿಗೆ ಹೆಸರು ಕೊಟ್ಟಿದ್ದೇನೆ. ಶಿರಾಡಿ ಘಾಟಿ ಮಳೆಗಾಲದಲ್ಲಿ ಗುಡ್ಡ ಕುಸಿದು ಬಂದ್ ಆಗುತ್ತದೆ, ಆಗ ಗ್ಯಾಸ್ ತುಂಬಿದ ಗಾಡಿ ಇಟ್ಟುಕೊಂಡು ಎಲ್ಲಿ ನಿಲ್ಲುವುದು, ಪ್ಲಾಂಟ್ ಗೇಟಿನ ಹೊರಗೆ ಸಾಲಿನಲ್ಲಿ ನಿಂತ ಹೊತ್ತಿಗೆ ಏನು ಕೊಡುತ್ತೀರಿ ಅಂತ ಕೇಳಿದೆ. ಆಫೀಸಿನಲ್ಲಿ ಕೇಳಿ ಹೇಳುತ್ತೇವೆ ಅಂದರು. ಇನ್ನೂ ಹೇಳಿಲ್ಲ.